ಮೆಟಾಲಿಕಾ ಎಂ72: ನಿಂತು ನೋಡುವುದೋ, ಕೂತು ನೋಡುವುದೋ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಎಂ72 ಟೂರ್‌ಗೆ ಯಾವ ಟಿಕೆಟ್ ತೆಗೆಯಲಿ ಎಂದು ಕೇಳಿದ್ದೀರಿ. ಮೊದಲು ಸ್ಟೇಜ್ ಹೇಗಿದೆ ತಿಳಿದುಕೊಳ್ಳಿ, ಅರ್ಧ ಉತ್ತರ ಅಲ್ಲೇ ಇದೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಈ ಟೂರ್‌ನಲ್ಲಿ ಸ್ಟೇಜ್ ಮೈದಾನದ ನಡುವೆ ಬಳೆಯಂತೆ ಇರುತ್ತದೆ. ಅದರ ಒಳಗೂ ಜನ ನಿಲ್ಲುತ್ತಾರೆ, ಅದೇ ಸ್ನೇಕ್ ಪಿಟ್. ಸುತ್ತ ಸ್ಕ್ರೀನ್ ಇರುವ ಎಂಟು ಟವರ್‌ಗಳು. ಡ್ರಮ್ಮರ್ ಲಾರ್ಸ್ ಉಲ್ರಿಕ್ ನಾಲ್ಕು ಕಡೆ ಜಾಗ ಬದಲಿಸುತ್ತಾ ನುಡಿಸುತ್ತಾರೆ.

2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡನ್ನು ನೋಡಿದವರಿಗೆ ಮುಂದೆ ನಿಂತರೇ ಚೆಂದ ಅನ್ನಿಸಬಹುದು. ಇಲ್ಲಿ ಆ ಲೆಕ್ಕ ಪೂರ್ತಿ ನಡೆಯುವುದಿಲ್ಲ. ಬ್ಯಾಂಡ್ ನಿಮ್ಮ ಕಡೆ ಬಂದಾಗ ಗಿಟಾರ್ ಮೇಲಿನ ಬೆರಳು ಕಾಣುತ್ತದೆ. ಆಚೆ ಹೋದಾಗ ಬರೀ ತಲೆಗಳು, ಸ್ಕ್ರೀನ್. ಕೆಳಗಿನ ಸ್ಟ್ಯಾಂಡ್‌ನ ಸೀಟಿನಿಂದ ಇಡೀ ಬಳೆ ಕಾಣುತ್ತದೆ. ತೀರಾ ಮೇಲಿನ ಸೀಟಿನಿಂದ ಮನುಷ್ಯರು ಚಿಕ್ಕದಾಗಿ ಕಾಣುತ್ತಾರೆ, ಆದರೆ ಬೆಳಕಿನ ಆಟ ಅಲ್ಲಿಂದಲೇ ಚೆನ್ನ. ಧ್ವನಿ ಮಾತ್ರ ಮೇಲೆ ಸ್ವಲ್ಪ ಪ್ರತಿಧ್ವನಿಸಬಹುದು.

ದುಡ್ಡಿನ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಹಲವು ಊರುಗಳಲ್ಲಿ ಎರಡು ರಾತ್ರಿ ಶೋ, ಒಂದು ಹಾಡೂ ಎರಡು ಸಲ ಬರುವುದಿಲ್ಲ! ಹಾಗಾಗಿ ಹಳೆಯ ಅಭಿಮಾನಿಯಾದರೆ ಒಂದು ರಾತ್ರಿಯ ದುಬಾರಿ ಜಾಗಕ್ಕಿಂತ ಎರಡೂ ರಾತ್ರಿ ಮೇಲಿನ ಸೀಟು ನನಗೆ ಇಷ್ಟ. ಮೊದಲ ಸಲ ಹೋಗುವವರು, ಗಂಟೆಗಟ್ಟಲೆ ನಿಲ್ಲುವ ಶಕ್ತಿ ಇದ್ದರೆ, ಮೈದಾನದಲ್ಲಿ ನಿಲ್ಲುವ ಟಿಕೆಟ್ಟೇ ತೆಗೆಯಿರಿ. ಎತ್ತರ ಕಡಿಮೆಯಿದ್ದರೆ, ಮಂಡಿ ನೋವಿದ್ದರೆ, ಮಕ್ಕಳು ಜೊತೆಗಿದ್ದರೆ ಕೆಳಗಿನ ಸ್ಟ್ಯಾಂಡ್ ಸರಿ. ಎಲ್ಲಿ ಕೂತರೂ ಇಯರ್‌ಪ್ಲಗ್ ಮರೆಯಬೇಡಿ.