ನಕ್ಷೆ ಆ್ಯಪ್ ಹಿಡಿದು ಅಮ್ಮನಿಗೆ ಮನೆ ಹುಡುಕಿದ್ದು

ಅಮ್ಮನಿಗೆ ಈಗ 71. ಮೊಣಕಾಲು ನೋವಿದೆ, ಹೃದಯದ ತಪಾಸಣೆಗೆ ತಿಂಗಳಿಗೊಮ್ಮೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಬೇಕು. ನಮ್ಮ ಹತ್ತಿರ ಗಾಡಿ ಇಲ್ಲ. ಹಾಗಾಗಿ ಬಾಡಿಗೆ ಮನೆ ಹುಡುಕುವಾಗ ಬಸ್ಸು, ಮೆಟ್ರೋ ಎಷ್ಟು ಕೈಗೆ ಸಿಗುತ್ತದೆ ಅನ್ನೋದೇ ನನ್ನ ಮೊದಲ ಪ್ರಶ್ನೆ. ಬ್ರೋಕರ್‌ಗಳನ್ನು ಕೇಳಿದರೆ ಎಲ್ಲ ಮನೆಯೂ "ಮೆಟ್ರೋಗೆ ಐದೇ ನಿಮಿಷ ಮೇಡಂ". ಅದಕ್ಕೆ ಫೋನಿನ ನಕ್ಷೆ ಆ್ಯಪ್‌ನಲ್ಲಿ ನಾನೇ ಅಳೆಯಲು ಕೂತೆ.

ಒಂದೇ ಸಲ ನೋಡಿ ನಂಬಬೇಡಿ. ಕೋಣನಕುಂಟೆ ಕ್ರಾಸ್ ಹತ್ತಿರದ ಮನೆಯಿಂದ ಆಸ್ಪತ್ರೆಗೆ ಮೊದಲು 38 ನಿಮಿಷ ತೋರಿಸಿತು. ಹತ್ತು ನಿಮಿಷ ತಡವಾಗಿ ಹೊರಟರೆ 53. ಕಾರಣ ಕಾಯುವ ಹೊತ್ತು. ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕಲ್ವಾ? 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು. ಒಮ್ಮೆ ಇಳಿದ ತಕ್ಷಣ ಸಿಗುತ್ತದೆ, ಇನ್ನೊಮ್ಮೆ ಆಗಷ್ಟೇ ಹೋಗಿರುತ್ತದೆ. ಹೊರಡುವ ಸಮಯ ಬದಲಿಸುವ ಸೌಲಭ್ಯ ಆ್ಯಪ್‌ನಲ್ಲಿದೆ. ಅದೇ ಇದರ ದೊಡ್ಡ ಗುಣ. ಬೆಳಿಗ್ಗೆ 8ರಿಂದ 9ರವರೆಗೆ ಹತ್ತು ಹತ್ತು ನಿಮಿಷಕ್ಕೆ ಏಳು ಸಲ ನೋಡಿದೆ. ಏಳು ಉತ್ತರಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಬರೆದಿಟ್ಟೆ. ರಾತ್ರಿ 9ಕ್ಕೂ ನೋಡಿದೆ. ಒಂದು ಮನೆ ಅಲ್ಲೇ ಪಟ್ಟಿಯಿಂದ ಬಿದ್ದುಹೋಯಿತು, ಆ ಹೊತ್ತಿಗೆ ಅತ್ತ ಬಸ್ಸೇ ಇಲ್ಲ.

ನಡಿಗೆಯ ಲೆಕ್ಕದಲ್ಲಿ ಮಾತ್ರ ನನಗೆ ನಿಜಕ್ಕೂ ಬೇಸರವಾಯಿತು. ಕೋಣನಕುಂಟೆ ಮನೆಯಿಂದ ಮೆಟ್ರೋಗೆ 700 ಮೀಟರ್, 9 ನಿಮಿಷ ಅಂದಿತ್ತು. ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿ ನಡೆದು ನೋಡಿದೆ. 24 ನಿಮಿಷ. ಆ್ಯಪ್ ತೋರಿಸಿದ ಒಳದಾರಿಗೆ ಲೇಔಟ್‌ನವರು ಗೇಟು ಹಾಕಿ ಬೀಗ ಜಡಿದಿದ್ದರು. ಸುತ್ತಿ ಬಂದರೆ ಫುಟ್‌ಪಾತ್ ಮೇಲೆ ಕಲ್ಲು ಚಪ್ಪಡಿ ಎದ್ದಿತ್ತು. ಅಮ್ಮ ಎರಡು ಕಡೆ ಅಂಗಡಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರು. ನಡೆಯುವ ವೇಗ ಕಡಿಮೆ ಮಾಡುವ ಆಯ್ಕೆ ಈ ಆ್ಯಪ್‌ನಲ್ಲಿ ಎಲ್ಲೂ ಸಿಗಲಿಲ್ಲ. ವಯಸ್ಸಾದವರು, ಬಸುರಿಯರು, ಮಗು ಎತ್ತಿಕೊಂಡವರು ಇದೇ ಊರಲ್ಲಿ ಇದ್ದಾರಲ್ವಾ? ಅವರಿಗಾಗಿ ಅದನ್ನು ಸೇರಿಸಲೇಬೇಕು.

ಬಸ್ಸಿನ ಸಮಯವನ್ನೂ ಸ್ವಲ್ಪ ಸಡಿಲ ಬಿಟ್ಟು ಓದಿ. ವೇಳಾಪಟ್ಟಿಯನ್ನು ನಕ್ಷೆಗಳು ಓದುವಂತೆ ಬರೆಯುವ ಜಿಟಿಎಫ್‌ಎಸ್ ಎಂಬ ಕ್ರಮವಿದೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಟ್ರೈಮೆಟ್ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಅದನ್ನು ಶುರು ಮಾಡಿದ್ದು. ಅದರಲ್ಲಿ ಇರೋದು ಬಸ್ಸು ಬರಬೇಕಾದ ಹೊತ್ತು. ಸಾರಕ್ಕಿ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಬಸ್ಸು ಆ ಹೊತ್ತಿಗೆ ಬರುವುದಿಲ್ಲ. ನಾನು ಪ್ರತಿ ಬಸ್ಸಿಗೂ ಹತ್ತು ನಿಮಿಷ ಜಾಸ್ತಿ ಸೇರಿಸಿದೆ.

ಕೊನೆಗೆ ಉಪಯೋಗಕ್ಕೆ ಬಂದದ್ದು "ಕಡಿಮೆ ನಡಿಗೆ" ಅನ್ನುವ ಆಯ್ಕೆ. ಅದು ಸುಮ್ನೆ ಕಣ್ಣಿಗೆ ಬೀಳೋದಿಲ್ಲ, ಒಳಗೆ ಹುಡುಕಬೇಕು. ಅದನ್ನು ಒತ್ತಿದ ಮೇಲೆ ಕತ್ರಿಗುಪ್ಪೆಯ ಮನೆ ನನ್ನ ಪಟ್ಟಿಯಲ್ಲಿ ಮೊದಲಿಗೆ ಬಂತು. ಅಲ್ಲಿಂದ ರಿಂಗ್ ರೋಡಿನ ಬಸ್ಸು ಹತ್ತಿದರೆ ಜಯದೇವ ಹತ್ತಿರವೇ ಇಳಿಯಬಹುದು, ನಡುವೆ ಬದಲಾಯಿಸುವ ಗೋಳಿಲ್ಲ. ಆ್ಯಪ್ ಪ್ರಕಾರ 55 ನಿಮಿಷ, ಕೋಣನಕುಂಟೆಗಿಂತ ನಿಧಾನ. ಆದರೆ ಸ್ಟಾಪ್‌ಗೆ 120 ಮೀಟರ್ ಅಷ್ಟೇ. ಆ್ಯಪ್‌ಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ವಾರ ಕತ್ರಿಗುಪ್ಪೆಗೇ ಅಡ್ವಾನ್ಸ್ ಕೊಟ್ಟು ಬಂದೆವು. ಸ್ಟಾಪ್‌ವರೆಗೆ ಅಮ್ಮ ಎಲ್ಲೂ ಕೂರದೆ ನಡೆದರು.