ವಾರ್‌ಕ್ರಾಫ್ಟ್, ಫೈನಲ್ ಫ್ಯಾಂಟಸಿ, ಗಿಲ್ಡ್ ವಾರ್ಸ್: ಯಾರಿಗೆ ಯಾವುದು?

ಈ ಮೂರೂ ಬಹಳ ಜನ ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ವಿಡಿಯೋ ಆಟಗಳು. ಖರ್ಚಿನ ಮಾತು ಬೇಗ ಮುಗಿಯುತ್ತದೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೂ ಫೈನಲ್ ಫ್ಯಾಂಟಸಿ 14ಕ್ಕೂ ತಿಂಗಳ ಚಂದಾ ಬೇಕು, ಒಂದು ಹಂತದವರೆಗಷ್ಟೇ ಉಚಿತ. 2012ರ ಗಿಲ್ಡ್ ವಾರ್ಸ್ 2ಕ್ಕೆ ಚಂದಾ ಇಲ್ಲ.

ನಿಜವಾದ ವ್ಯತ್ಯಾಸ ಇರುವುದು ಜೊತೆಗಾರರಲ್ಲಿ. ಫೈನಲ್ ಫ್ಯಾಂಟಸಿಯಲ್ಲಿ ಹೊಸಬರ ಹೆಸರಿನ ಪಕ್ಕ ಪುಟ್ಟ ಮೊಳಕೆಯ ಗುರುತು ಕಾಣುತ್ತದೆ. ಅದನ್ನು ಕಂಡವರು ಸಾಮಾನ್ಯವಾಗಿ ತಾಳ್ಮೆಯಿಂದ ದಾರಿ ತೋರಿಸುತ್ತಾರೆ. ಕಥೆ ಮಾತ್ರ ಬಹಳ ಉದ್ದ, ಓದುವ ವ್ಯವಧಾನ ಬೇಕು. ಗಿಲ್ಡ್ ವಾರ್ಸ್‌ನಲ್ಲಿ ನೆಲಕ್ಕುರುಳಿದ ಅಪರಿಚಿತರನ್ನು ಯಾರು ಬೇಕಾದರೂ ಎಬ್ಬಿಸಬಹುದು, ಪ್ರತಿಫಲಕ್ಕಾಗಿ ಕಿತ್ತಾಟವಿಲ್ಲ. ಬಿಡುವು ಸಿಕ್ಕಾಗಷ್ಟೇ ಆಡುವವರಿಗೆ ಇದೇ ಹಿತ. ವಾರ್‌ಕ್ರಾಫ್ಟ್‌ನಲ್ಲಿ ಮಿಥಿಕ್ ಪ್ಲಸ್ ಎಂಬ, ಹಂತ ಹಂತವಾಗಿ ಕಠಿಣವಾಗುವ ತಂಡದ ಸವಾಲುಗಳಲ್ಲಿ ಸಮಯದ ಮಿತಿ ಇರುವುದರಿಂದ ಅಪರಿಚಿತರ ನಡುವೆ ತಪ್ಪಿಗೆ ಸಹನೆ ಕಡಿಮೆ. ಪೈಪೋಟಿ ಇಷ್ಟವಿದ್ದು, ನಂಬಿಕಸ್ಥ ತಂಡ ಕಟ್ಟಿಕೊಳ್ಳಬಲ್ಲವರು ಅಲ್ಲಿಗೇ ಹೋಗಲಿ.