ಮರೈನ್ ಪ್ಲೈ ದುಡ್ಡು ತಗೊಂಡು ಕಮರ್ಷಿಯಲ್ ಕೊಟ್ಟರು: ಅಕ್ವೇರಿಯಂಗೆ ಮರದ ಮುಚ್ಚಳ ಮಾಡುವವರು ಓದಿ

ಮಂಗಳೂರಿನಲ್ಲಿ ಪ್ಲೈವುಡ್ ತಗೊಳ್ಳಲು ಹೊರಟಿದ್ದೀರಾ? ಅದೂ ನೀರಿನ ಹತ್ತಿರ ಇಡುವ ಸಾಮಾನಿಗೆ? ಹಾಗಾದರೆ ಅಂಗಡಿಯವರು "ನಾವೇ ಕಟ್ ಮಾಡಿ ಕೊಡ್ತೇವೆ, ನೀವು ಕೂತ್ಕೊಳ್ಳಿ" ಅಂದಾಗ ದಯವಿಟ್ಟು ಕೂರಬೇಡಿ. ಮಿಷನ್ ಪಕ್ಕದಲ್ಲೇ ಹೋಗಿ ನಿಲ್ಲಿ. ನನ್ನನ್ನು ಕೂರಿಸಿ ಲಿಂಬೆ ಶರಬತ್ತು ಬೇರೆ ತರಿಸಿಕೊಟ್ಟಿದ್ದರು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮದು ನಾಲ್ಕಡಿ ಟ್ಯಾಂಕ್, ಒಳಗೆ ಏಂಜೆಲ್ ಮೀನುಗಳು. ಮೇಲೆ ಮರದ ಕ್ಯಾನೊಪಿ ನಾನೇ ಮಾಡಬೇಕು ಅಂತ ಆಸೆ. ಮಹಾ ಕೆಲಸವೇನಲ್ಲ. ತಳವಿಲ್ಲದ ಒಂದು ಪೆಟ್ಟಿಗೆ, ಮೇಲೆ ಹಿಂಜಸ್ ಹಾಕಿದ ಬಾಗಿಲು, ಬಾಗಿಲಿನ ಒಳಬದಿಗೆ ಎಲ್‌ಇಡಿ ಟ್ಯೂಬ್, ಹಿಂದೆ ಫಿಲ್ಟರ್ ಪೈಪಿಗೆ ಮತ್ತು ಗಾಳಿಗೆ ತೂತು. ಒಳಗೆ ಬಿಳಿ ಪೈಂಟ್ ಹೊಡೆದರೆ ಬೆಳಕು ಜಾಸ್ತಿ ಕೆಳಗೆ ಬೀಳುತ್ತದೆ. ಆದರೆ ಟ್ಯಾಂಕಿನಿಂದ ಹಗಲು ರಾತ್ರಿ ಆವಿ ಏಳುತ್ತಲೇ ಇರುತ್ತದೆ. ಅದರ ಮೇಲೆ ನಮ್ಮೂರಿನ ಜೂನ್, ಜುಲೈ ಥಂಡಿ. ಅಪ್ಪ "ಅಟ್ಟದಲ್ಲಿ ಹಲಸಿನ ಹಲಗೆ ಉಂಟಲ್ಲ, ಅದರಲ್ಲೇ ಮಾಡು" ಅಂದರು. ಅಗಲದ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ, ನೀರಿಗೆ ತಡೆಯುವ ಮರೈನ್ ಪ್ಲೈಯೇ ಬೇಕು ಅಂತ ನಾನು ದೊಡ್ಡ ಭಾಷಣ ಬಿಗಿದೆ. ಈಗ ಅಪ್ಪನ ಮುಖ ನೋಡಲು ನಾಚಿಕೆ.

ಅಂಗಡಿಯಲ್ಲಿ ಮುಂದೆಯೇ ಒಂದು ಎಂಟಡಿ ನಾಲ್ಕಡಿ ಶೀಟ್ ನಿಲ್ಲಿಸಿದ್ದರು. ಅದರ ಮೇಲೆ ಐಎಸ್‌ಐ ಗುರುತು, ಐಎಸ್ 710 ಅಂತ ಸೀಲ್. ಮರೈನ್ ಪ್ಲೈ ಅಂದರೆ ಅದೇ. ಅರ್ಧ ಶೀಟ್ ಸಾಕು ಅಂದೆ. ಹುಡುಗ ಅಳತೆ ಚೀಟಿ ತಗೊಂಡು ಒಳಗೆ ಹೋದ. ಮಿಷನ್ ಸದ್ದು ಶುರುವಾಯಿತು. ನಾನು ನೋಡಿದ ಶೀಟ್ ಮಾತ್ರ ಗೋಡೆಗೆ ಒರಗಿ ಹಾಗೇ ನಿಂತಿತ್ತು! "ಇದೇ ಅಲ್ವಾ ಕಟ್ ಮಾಡೋದು?" ಅಂತ ಕೇಳಿದೆ. "ಇದೇ ಮಾಲಿನ ಅರ್ಧ ಶೀಟ್ ಒಳಗೆ ಉಂಟು ಮೇಡಂ, ಇದನ್ನು ಸುಮ್ನೆ ಯಾಕೆ ಕಡಿಯುವುದು?" ಅಂದರು. ಹಗ್ಗ ಕಟ್ಟಿ ಕೊಟ್ಟ ತುಂಡುಗಳಲ್ಲಿ ಒಂದರಲ್ಲೂ ಸೀಲ್ ಇಲ್ಲ. ಕೇಳಿದರೆ "ಸೀಲ್ ಇದ್ದ ಕಡೆ ಇನ್ನೊಬ್ಬರಿಗೆ ಹೋಯ್ತು." ಮಾಮೂಲಿ ಕಮರ್ಷಿಯಲ್ ಪ್ಲೈಗಿಂತ ಹೆಚ್ಚುಕಡಿಮೆ ಎರಡು ಪಟ್ಟು ರೇಟು ಕೊಟ್ಟು ಬಂದೆ. ಎರಡು ಪಟ್ಟು!

ಮರಳು ಕಾಗದ ಉಜ್ಜಿ, ಅಂಚಿಗೆಲ್ಲ ಎಪಾಕ್ಸಿ ಬಳಿದು, ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಚೆಂದ ಮಾಡಿದ್ದೆ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮಳೆ ಹಿಡಿಯಿತು ನೋಡಿ, ಕೆಳಗಿನ ಅಂಚು ದಪ್ಪವಾಗತೊಡಗಿತು. ಬದಿಯಲ್ಲಿ ಮೇಲಿನ ಪದರ ಗುಳ್ಳೆ ಎದ್ದಿತು. ಉಗುರಿನಿಂದ ಒತ್ತಿದರೆ ಟಕ್ ಟಕ್ ಅನ್ನುತ್ತಿತ್ತು, ಒಳಗೆಲ್ಲ ಪೊಳ್ಳು. ಆಮೇಲೆ ನೆಂಟರು ಬಂದ ದಿನವೇ, ಅವರ ಕಣ್ಣೆದುರೇ, ಒಂದು ಹಿಂಜಸ್ ಸ್ಕ್ರೂ ಸಮೇತ ಕಿತ್ತು ಬಂತು. ಬಾಗಿಲು ಟ್ಯೂಬ್ ಸಹಿತ ನೀರಿನ ಮೇಲೆ ಜೋತು ಬಿತ್ತು. ಲೈಟ್ ಉರಿಯುತ್ತಿತ್ತು. ಭಾವ ಓಡಿ ಹೋಗಿ ಮೇನ್ ಆಫ್ ಮಾಡಿದರು. ಟ್ಯೂಬ್ ನೀರಿಗೆ ಬಿದ್ದಿದ್ದರೆ? ಮೀನಿನ ಮಾತು ಬಿಡಿ, ಮಕ್ಕಳು ಅಲ್ಲೇ ಕೈ ಹಾಕುತ್ತಿರುತ್ತಾರೆ.

ಭಾವ ಕಟ್ಟಡದ ಕಂಟ್ರಾಕ್ಟರ್. ಉಳಿದಿದ್ದ ತುಂಡೊಂದನ್ನು ಪಾತ್ರೆಗೆ ಹಾಕಿ ಕುದಿಯಲು ಇಟ್ಟರು. ಐಎಸ್ 710 ಮಾಲಾದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು, ಅದರಲ್ಲಿ ಫಿನಾಲ್ ಅಂಟು ಇರುತ್ತದೆ. ಕಮರ್ಷಿಯಲ್‌ನಲ್ಲಿ ಯೂರಿಯಾ ಅಂಟು, ನೀರು ಕಂಡರೆ ಆಗುವುದಿಲ್ಲ. ನಮ್ಮದು ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ತಡೆಯಲಿಲ್ಲ ಮಾರಾಯ್ರೆ, ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತು. ಎಲ್ಲರೂ ಒಲೆಯ ಸುತ್ತ ನಿಂತು ನೋಡಿದರು.

ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. "ಮಳೆಗಾಲದಲ್ಲಿ ಎಲ್ಲ ಮರವೂ ಉಬ್ಬುತ್ತದೆ ಮೇಡಂ." ಗುಳ್ಳೆಯ ಫೋಟೋ ಕಳಿಸಿದೆ. "ನೀವು ಪೈಂಟ್ ಸರಿ ಹೊಡೀಲಿಲ್ಲ ಅಂತ ಕಾಣ್ತದೆ." ಕುದಿಸಿದ ವಿಡಿಯೋ ಕಳಿಸಿದೆ. ಅದಕ್ಕೆ ಬಂದ ಉತ್ತರ ಓದಿ: "ಅಕ್ವೇರಿಯಂ ನೀರು ಕುದೀತದಾ ಮೇಡಂ? ಮತ್ತೆ ನೀವು ಕುದಿಸಿದ್ದು ಯಾಕೆ?"

ನಾನು ಮರೈನ್ ಅಂತ ಕೇಳಿ, ಮರೈನ್ ರೇಟು ಕೊಟ್ಟಿದ್ದೇನೆ ಅಂತ ಬರೆದೆ. "ಚೀಟಿಯಲ್ಲಿ ಮರೈನ್ ಅಂತ ಉಂಟಾ?" ತೆಗೆದು ನೋಡಿದೆ. "ಪ್ಲೈ 12 ಎಂಎಂ" ಅಂತ ಅಷ್ಟೇ. ಮೇಲೆ ಬಿಲ್ ಅಂತಲೂ ಇಲ್ಲ, ಎಸ್ಟಿಮೇಟ್ ಅಂತ ಇದೆ. ಅಂದರೆ ಆವತ್ತು ಶರಬತ್ತು ಕೊಡುವಾಗಲೇ ಎಲ್ಲ ಲೆಕ್ಕ ಹಾಕಿಯೇ ಕೂತಿದ್ದರು ಇವರು! ಖುದ್ದಾಗಿ ಹೋದರೆ "ಕಟ್ ಮಾಡಿದ ಮಾಲು ವಾಪಸ್ ಇಲ್ಲ, ಧಣಿಗಳು ಊರಲ್ಲಿಲ್ಲ" ಅಂತ ಅದೇ ಹುಡುಗ. ಆಮೇಲೆ ಏನು ಬರೆದರೂ ಒಂದು ಹೆಬ್ಬೆರಳಿನ ಚಿತ್ರ. ಹೆಬ್ಬೆರಳು!

ಶೀಟ್ ಕಟ್ ಮಾಡುವ ಮುಂಚೆ ಅದರ ಎರಡು ಬದಿಗೂ ನಿಮ್ಮ ಸಹಿ ಹಾಕಿ. ಸೀಲಿನ ಫೋಟೋ ತೆಗೆಯಿರಿ, ಅದರಲ್ಲಿರುವ ಸಿಎಂ/ಎಲ್ ನಂಬರನ್ನು (ಅಂದರೆ ಲೈಸೆನ್ಸ್ ನಂಬರು) ಐಎಸ್‌ಐ ಗುರುತು ಕೊಡುವ ಬಿಐಎಸ್‌ನವರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಂಟಿನ ಗೆರೆ ಕಪ್ಪಗಿದ್ದರೆ ಮರೈನ್ ಅಂತಾರೆ, ಅದೊಂದನ್ನೇ ನಂಬಬೇಡಿ, ಬಣ್ಣ ಬೆರೆಸುವವರೂ ಇದ್ದಾರೆ. ಬಿಲ್ಲಿನಲ್ಲಿ "ಐಎಸ್ 710" ಅಂತ ಬರೆಸದೆ ದುಡ್ಡು ಬಿಚ್ಚಬೇಡಿ. ಶರಬತ್ತು ಕೊಟ್ಟರೆ ಕುಡಿಯಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಎಸ್ಟಿಮೇಟ್ ಚೀಟಿಯಲ್ಲಿ ಎಷ್ಟು ಆಗುತ್ತದೋ ನೋಡಬೇಕು. ಸದ್ಯ ಟ್ಯಾಂಕಿನ ಮೇಲೆ ಸೊಳ್ಳೆ ಪರದೆ ಕಟ್ಟಿದ್ದೇನೆ. ಮಂಗಳೂರಾಗಲಿ ಉಡುಪಿಯಾಗಲಿ, ಗಿರಾಕಿಯ ಕಣ್ಣೆದುರೇ ಶೀಟ್ ಕಟ್ ಮಾಡಿ ಸರಿಯಾದ ಬಿಲ್ ಕೊಡುವ ಅಂಗಡಿ ಗೊತ್ತಿದ್ದರೆ ತಿಳಿಸಿ. ಪಿವಿಸಿ ಶೀಟಿನಲ್ಲಿ ಮಾಡು ಅಂತ ಮಾತ್ರ ಯಾರೂ ಹೇಳಬೇಡಿ, ನನಗೆ ಮರದ್ದೇ ಬೇಕು.